ಕೊಲ್ಲುವ ಉದ್ದೇಶ ಇರಲಿಲ್ಲ ಎಂದ ಮಾತ್ರಕ್ಕೆ

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಕಳೆದ ಫೆಬ್ರವರಿ ಕೊನೆಯಲ್ಲಿ ಕಾಫಿ ಹೂವಿಗೆ ಹಳ್ಳದಿಂದ ನೀರು ಹಾಯಿಸುವ ವಿಷಯಕ್ಕೆ ನನ್ನ ತಮ್ಮನಿಗೂ ಪಕ್ಕದ ತೋಟದವನಿಗೂ ಜಗಳವಾಯಿತು. ಮೂರು ವಾರಗಳಿಂದ ಮಾತಿಗೆ ಮಾತು ಬೆಳೆಯುತ್ತಲೇ ಇತ್ತು. ಅಂದು ಸಂಜೆ ಪಂಪ್‌ಸೆಟ್ಟಿನ ಹತ್ತಿರ ಅವನು ಕೈಯಲ್ಲಿದ್ದ ಕತ್ತಿಯಿಂದ ಎರಡು ಏಟು ಹಾಕಿದ. ಒಂದು ತಲೆಗೆ ಬಿತ್ತು, ಆರು ಹೊಲಿಗೆ ಹಾಕಿದರು. ಇನ್ನೊಂದು, ತಡೆಯಲು ಎತ್ತಿದ ಎಡಗೈಗೆ ಬಿತ್ತು. ಶಸ್ತ್ರಚಿಕಿತ್ಸೆ ಆದರೂ ಎರಡು ಬೆರಳು ಮಡಿಸಲು ಬರುವುದಿಲ್ಲ. ಹೊಡೆದವನೇ ತನ್ನ ಜೀಪಿನಲ್ಲಿ ಆಸ್ಪತ್ರೆಗೆ ಸೇರಿಸಿದ. ಕೊಲೆ ಯತ್ನ ಎಂದು ದಾಖಲಾಗಿದ್ದ ಕೇಸು ದೋಷಾರೋಪಣಾ ಪಟ್ಟಿಗೆ ಬರುವಷ್ಟರಲ್ಲಿ ತೀವ್ರ ಗಾಯದ ಕಲಂ 118(2)ಕ್ಕೆ ಇಳಿದಿದೆ. ಊರು ಎರಡು ಪಾಲಾಗಿದೆ. ಕೆಲವರು ಅವನನ್ನು ಜೀವನಪೂರ್ತಿ ಜೈಲಿನಲ್ಲಿಡಬೇಕು ಎನ್ನುತ್ತಾರೆ. ಇನ್ನು ಕೆಲವರು, ‘ಕುಡಿದಿದ್ದ, ಸಿಟ್ಟಿನಲ್ಲಿ ಆಗಿಹೋಯಿತು, ಕೊಲ್ಲುವ ಉದ್ದೇಶ ಇರಲಿಲ್ಲ, ಧರ್ಮಸ್ಥಳದಲ್ಲಿ ಆಣೆ ಮಾಡಲೂ ಸಿದ್ಧನಿದ್ದಾನೆ, ರಾಜಿ ಮಾಡಿಕೊಳ್ಳಿ’ ಎನ್ನುತ್ತಾರೆ. ಹಿಂದಿನ ಸಂತೆಯ ದಿನ ಅವನು, ‘ಇನ್ನೊಮ್ಮೆ ಪೈಪ್ ಮುಟ್ಟಿದರೆ ಕೈ ಕಡಿದು ಹಾಕುತ್ತೇನೆ’ ಎಂದದ್ದನ್ನು ನಾಲ್ಕು ಜನ ಕೇಳಿದ್ದಾರೆ. ಉದ್ದೇಶ ಇರಲಿಲ್ಲ ಎಂದರೆ ನನ್ನ ತಮ್ಮನ ಕೈಗೆ ಬೆಲೆಯೇ ಇಲ್ಲವೇ? ನ್ಯಾಯವಾದ ಶಿಕ್ಷೆ ಎಂದರೆ ಯಾವುದು?

— ಓದುಗರೊಬ್ಬರು, ಸಕಲೇಶಪುರ ತಾಲ್ಲೂಕು

ಉತ್ತರ: ಸಂತೆಯಲ್ಲಿ ಆಡಿದ ಆ ಮಾತನ್ನು ನೀವು ಪತ್ರದ ಕೊನೆಯಲ್ಲಿ, ಮರೆತು ನೆನಪಾದಂತೆ ಬರೆದಿದ್ದೀರಿ. ನಾನು ಅಲ್ಲಿಂದಲೇ ಆರಂಭಿಸುತ್ತೇನೆ. ‘ಕೈ ಕಡಿದು ಹಾಕುತ್ತೇನೆ’ ಎಂದವನು ಕೆಲವು ದಿನಗಳ ನಂತರ ಕೈಯನ್ನೇ ಕಡಿದಿದ್ದಾನೆ. ಅವನಿಗೆ ಕೊಲ್ಲುವ ಉದ್ದೇಶ ಇರಲಿಲ್ಲ ಎಂದು ಊರಿನವರು ಹೇಳುವುದು ನಿಜವೇ ಇರಬಹುದು. ಆದರೆ ಅಲ್ಲಿಂದ ‘ಉದ್ದೇಶವೇ ಇರಲಿಲ್ಲ’ ಎನ್ನುವಲ್ಲಿಗೆ ಅವರು ಒಂದೇ ಉಸಿರಿನಲ್ಲಿ ಜಿಗಿಯುತ್ತಿದ್ದಾರೆ. ಈ ಜಿಗಿತವನ್ನು ಹಾಸನದ ನ್ಯಾಯಾಲಯದ ಆವರಣದಲ್ಲಿ ಮೂವತ್ತು ವರ್ಷಗಳಿಂದ ನೋಡುತ್ತಿದ್ದೇನೆ. ಆರೋಪಿಯ ಪರ ನಿಂತಾಗ ನಾನೂ ಜಿಗಿದಿದ್ದೇನೆ.

ಕಾನೂನು ಉದ್ದೇಶವನ್ನು ಇದೆ ಅಥವಾ ಇಲ್ಲ ಎಂದು ಎರಡೇ ಪೆಟ್ಟಿಗೆಗಳಲ್ಲಿ ಇಡುವುದಿಲ್ಲ. ಯಾವುದರ ಉದ್ದೇಶ ಎಂದು ಕೇಳುತ್ತದೆ. ಕೊಲ್ಲುವುದೇ? ತೀವ್ರವಾಗಿ ಗಾಯಗೊಳಿಸುವುದೇ? ಬರೀ ನೋಯಿಸುವುದೇ? ಘಟನೆ 2024ರ ಜುಲೈ 1ರ ನಂತರದ್ದಾದ್ದರಿಂದ ನಿಮ್ಮ ತಮ್ಮನ ಪ್ರಕರಣಕ್ಕೆ ಹಳೆಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಅದರಲ್ಲಿ ಕೊಲೆ ಯತ್ನಕ್ಕೆ 109ನೇ ಕಲಂ, ಅಪಾಯಕಾರಿ ಆಯುಧದಿಂದ ತೀವ್ರ ಗಾಯ ಮಾಡಿದ್ದಕ್ಕೆ 118(2), ಆಯುಧವಿಲ್ಲದೆ ತೀವ್ರ ಗಾಯ ಮಾಡಿದ್ದಕ್ಕೆ 117(2), ಸಾಮಾನ್ಯ ಗಾಯಕ್ಕೆ 115(2). ಪ್ರತಿಯೊಂದು ಮೆಟ್ಟಿಲಿನಲ್ಲೂ ಉದ್ದೇಶ ಅಥವಾ ಅರಿವು ಇರಲೇಬೇಕು. ಅದರ ಗುರಿ ಮಾತ್ರ ಬೇರೆ ಬೇರೆ. 118(2)ರ ಕೆಳಗೆ ದೋಷಾರೋಪ ಹೊರಿಸಿದ್ದಾರೆ ಎಂದರೆ ಪೊಲೀಸರು ‘ಅವನು ಬೇಕೆಂದೇ ಮಾಡಿದ’ ಎಂದೇ ಹೇಳುತ್ತಿದ್ದಾರೆ. ಊರಿನಲ್ಲಿ ವಾದ ಮಾಡುವವರಿಗೆ ಇದನ್ನು ತಿಳಿಸಿ.

ಇನ್ನು ಮನಸ್ಸಿನೊಳಗೆ ಏನಿತ್ತು ಎಂದು ನ್ಯಾಯಾಲಯಕ್ಕೆ ಗೊತ್ತಾಗುವುದು ಹೇಗೆ? ಆಣೆಯಿಂದಲ್ಲ. ಮಂಜುನಾಥನ ಸನ್ನಿಧಿಯಲ್ಲಿ ಆಣೆಗೆ ನಮ್ಮ ಕಡೆ ಇರುವ ತೂಕ ನನಗೆ ಗೊತ್ತು. ಗಡಿ ತಕರಾರು, ಸಾಲದ ತಕರಾರು ಅಲ್ಲಿ ಮುಗಿದದ್ದನ್ನು ನೋಡಿದ್ದೇನೆ. ಆದರೆ ಅವನು ಮಾಡಲು ಸಿದ್ಧನಿರುವ ಆಣೆ ‘ಕೊಲ್ಲುವ ಉದ್ದೇಶ ಇರಲಿಲ್ಲ’ ಎಂಬುದಕ್ಕೆ ಮಾತ್ರ. ‘ಕೈ ಕಡಿಯುವ ಉದ್ದೇಶ ಇರಲಿಲ್ಲ’ ಎಂದು ಆಣೆ ಮಾಡುತ್ತಾನೆಯೇ ಎಂದು ಯಾರಾದರೂ ಕೇಳಿದ್ದಾರೆಯೇ?

ನ್ಯಾಯಾಲಯ ನೋಡುವುದು ಕೃತ್ಯದ ವಿವರಗಳನ್ನು. ಆಯುಧ ಯಾವುದು, ಅದು ಕೈಗೆ ಬಂದದ್ದು ಹೇಗೆ, ಏಟು ದೇಹದ ಯಾವ ಭಾಗಕ್ಕೆ, ಎಷ್ಟು ಬಲದಿಂದ, ಎಷ್ಟು ಸಲ, ಹೊಡೆಯುವ ಮೊದಲು ಏನು ಹೇಳಿದ, ಬಿದ್ದ ಮೇಲೆ ಏನು ಮಾಡಿದ. ಗಾಯ ಪ್ರಾಣಾಂತಿಕ ಆಗಿರಲೇಬೇಕು ಎಂದೇನೂ ಇಲ್ಲ. ಬಲರಾಮ್ ಬಾಮಾ ಪಾಟೀಲ್ ಪ್ರಕರಣದಲ್ಲಿ 1983ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ: ಕೊಲೆ ಯತ್ನ ಎನ್ನಲು ಸಾವು ತರಬಲ್ಲ ಗಾಯ ಆಗಿರಬೇಕಿಲ್ಲ, ಉದ್ದೇಶ ಮತ್ತು ಅದನ್ನು ಈಡೇರಿಸುವ ಕೃತ್ಯ ಇದ್ದರೆ ಸಾಕು. ಹಾಗೆಯೇ ಗಾಯ ದೊಡ್ಡದಾಗಿದ್ದ ಮಾತ್ರಕ್ಕೆ ಕೊಲ್ಲುವ ಉದ್ದೇಶ ತಾನಾಗಿ ಸಾಬೀತಾಗುವುದೂ ಇಲ್ಲ.

ಬಯಲುಸೀಮೆಯಲ್ಲಿ ಒಬ್ಬ ಮನುಷ್ಯ ಸಂಜೆ ಕತ್ತಿ ಹಿಡಿದು ಪಕ್ಕದವನ ಹೊಲಕ್ಕೆ ಹೋದರೆ ಅದು ಸಿದ್ಧತೆಯಂತೆ ಕಾಣುತ್ತದೆ. ಮಲೆನಾಡಿನ ತೋಟದಲ್ಲಿ ಹಾಗಲ್ಲ. ಕಳೆ ಸವರಲು, ಮರಗಸಿ ಮಾಡಲು, ಬಳ್ಳಿ ಕಡಿಯಲು, ದಾರಿ ಬಿಡಿಸಿಕೊಳ್ಳಲು ಕತ್ತಿ ಬೇಕೇ ಬೇಕು. ತೋಟಕ್ಕೆ ಇಳಿದವನ ಕೈಯಲ್ಲಿ ಅದು ಇಲ್ಲದಿದ್ದರೇ ಆಶ್ಚರ್ಯ. ಆದ್ದರಿಂದ ಕತ್ತಿ ಇತ್ತು ಎಂಬುದೊಂದರಿಂದ ಕೊಲ್ಲಲೆಂದೇ ಬಂದಿದ್ದ ಎಂದು ಹೇಳಲಾಗದು. ಆರೋಪಿಯ ವಕೀಲರು ಇದನ್ನು ಖಂಡಿತ ಹೇಳುತ್ತಾರೆ, ಅದರಲ್ಲಿ ಸತ್ಯವೂ ಇದೆ. ಆದರೆ ಕತ್ತಿಗೆ ಎರಡು ಮೈ ಇವೆ. ಸಿಟ್ಟಿನಲ್ಲೂ ಎಚ್ಚರ ಉಳಿದವನು ಅದನ್ನು ತಿರುಗಿಸಿ ಬೆನ್ನಿನಿಂದ ಹೊಡೆಯುತ್ತಾನೆ. ನಾನು ಕಂಡ ಎಷ್ಟೋ ಪ್ರಕರಣಗಳಲ್ಲಿ ಹಾಗೆಯೇ ಆಗಿದೆ. ನಿಮ್ಮ ತಮ್ಮನ ತಲೆಯ ಗಾಯ ಹರಿದಂತಿದೆಯೇ, ಕೊಯ್ದಂತಿದೆಯೇ? ಗಾಯದ ಪ್ರಮಾಣಪತ್ರದಲ್ಲಿ ವೈದ್ಯರು ಗಾಯದ ಅಂಚು ಹೇಗಿತ್ತು ಎಂದು ಬರೆದಿರುತ್ತಾರೆ. ತಲೆಗೆ ಬೆನ್ನಿನಿಂದ, ಕೈಗೆ ಅಲಗಿನಿಂದ ಎಂದಾದರೆ, ಆ ಎರಡು ಏಟುಗಳ ನಡುವೆಯೇ ಅವನ ಮನಸ್ಸು ಕಾಣುತ್ತದೆ.

ನಿಮಗೆ ಬೇಸರವಾದರೂ ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಹೇಳಬೇಕು. ನೀವು ಬರೆದಿರುವಷ್ಟನ್ನು ನೋಡಿದರೆ ಕೊಲೆ ಯತ್ನದ ಆರೋಪ ನಿಲ್ಲುವುದು ಕಷ್ಟ. ನಿರ್ಜನವಾದ ಜಾಗ, ಕೈಯಲ್ಲಿ ಹರಿತವಾದ ಕತ್ತಿ, ಎದುರಿಗೆ ನಿರಾಯುಧನಾಗಿ ಬಿದ್ದ ಮನುಷ್ಯ. ಕೊಲ್ಲಬೇಕೆಂದಿದ್ದರೆ ಮೂರನೆಯ ಏಟಿಗೆ ಅಡ್ಡಿಯೇ ಇರಲಿಲ್ಲ. ಅವನು ನಿಲ್ಲಿಸಿದ, ಜೀಪು ತಂದ, ಆಸ್ಪತ್ರೆಗೆ ಸೇರಿಸಿದ. ಉದ್ದೇಶವನ್ನು ಅಳೆಯುವುದು ಹೊಡೆದ ಕ್ಷಣದಲ್ಲಿ, ನಂತರದ ಪಶ್ಚಾತ್ತಾಪ ಅದನ್ನು ಅಳಿಸುವುದಿಲ್ಲ ಎಂದು ವಾದಿಸಬಹುದು. ಆದರೆ ನಂತರದ ನಡತೆ ಆ ಕ್ಷಣದ ಮೇಲೆ ಬೆಳಕು ಚೆಲ್ಲುತ್ತದೆ, ನ್ಯಾಯಾಧೀಶರು ಅದನ್ನು ಕಾಣದಂತೆ ಇರಲಾರರು.

118(2) ಮಾತ್ರ ನಿಮ್ಮ ಪ್ರಕರಣಕ್ಕೆ ಚೆನ್ನಾಗಿ ಹೊಂದುತ್ತದೆ. ಕೈಕಾಲು ಅಥವಾ ಕೀಲಿನ ಶಕ್ತಿ ಶಾಶ್ವತವಾಗಿ ಕುಂದುವುದನ್ನು 116ನೇ ಕಲಂ ತೀವ್ರ ಗಾಯಗಳ ಪಟ್ಟಿಯಲ್ಲೇ ಹೇಳಿದೆ. ಮಡಿಸಲಾಗದ ಎರಡು ಬೆರಳು ಅದರೊಳಗೆ ಬರುತ್ತವೆ. ‘ಕೈಗೆ ಬೀಳಲಿ ಎಂದು ಹೊಡೆದದ್ದಲ್ಲ, ಅವನೇ ಕೈ ಅಡ್ಡ ಹಿಡಿದ’ ಎಂಬ ವಾದ ಬರಬಹುದು. ಅದರಿಂದಲೂ ಬಿಡುಗಡೆ ಇಲ್ಲ. ಒಂದು ಬಗೆಯ ತೀವ್ರ ಗಾಯ ಮಾಡಲು ಹೋಗಿ ಇನ್ನೊಂದು ಬಗೆಯದು ಆದರೂ ಅಪರಾಧ ಅದೇ ಎಂದು ಕಾನೂನು ಸ್ಪಷ್ಟವಾಗಿ ಹೇಳಿದೆ.

ಕೇಸು ಇಳಿದಿದೆ ಎಂದು ನೀವು ಬರೆದಿದ್ದೀರಿ. ಇಳಿದದ್ದು ಎಷ್ಟು? 109ರಲ್ಲಿ ಗಾಯವಾಗಿದ್ದರೆ ಜೀವಾವಧಿಯವರೆಗೆ ಶಿಕ್ಷೆ ಕೊಡಬಹುದು, ಆದರೆ ಕನಿಷ್ಠ ಇಷ್ಟು ಎಂಬ ಮಿತಿ ಇಲ್ಲ. 118(2)ರಲ್ಲಿಯೂ ಜೀವಾವಧಿ ಇದೆ, ಇಲ್ಲವಾದರೆ ಒಂದರಿಂದ ಹತ್ತು ವರ್ಷ, ಜೊತೆಗೆ ದಂಡ. ಕನಿಷ್ಠ ಒಂದು ವರ್ಷ ಎಂಬುದು ಹೊಸ ಸಂಹಿತೆ ತಂದದ್ದು. ಜೀವಾವಧಿ ಶಿಕ್ಷೆಗೆ ಅವಕಾಶವಿರುವ ಅಪರಾಧವಾದ್ದರಿಂದ, ಎಚ್ಚರಿಕೆ ಕೊಟ್ಟು ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುವ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ ಅನುಕೂಲವೂ ಸಿಗದು. ಇಷ್ಟರಮಟ್ಟಿಗೆ 118(2) ಗಟ್ಟಿಯಾಗಿಯೇ ಇದೆ.

ವ್ಯತ್ಯಾಸವಾಗುವುದು ಬೇರೆ ಕಡೆ, ಅದನ್ನು ಯಾರೂ ನಿಮಗೆ ಹೇಳಿದಂತಿಲ್ಲ. ಕೊಲೆ ಯತ್ನದ ವಿಚಾರಣೆ ಸೆಷನ್ಸ್ ನ್ಯಾಯಾಲಯದಲ್ಲಿ ನಡೆಯುತ್ತದೆ. 118(2)ರ ವಿಚಾರಣೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ. ಅವರು ಕೊಡಬಹುದಾದ ಗರಿಷ್ಠ ಶಿಕ್ಷೆ ಮೂರು ವರ್ಷ. ಪುಸ್ತಕದಲ್ಲಿ ಜೀವಾವಧಿ ಎಂದಿದೆ, ಪೀಠದ ಕೈಯಲ್ಲಿರುವುದು ಮೂರು ವರ್ಷ! ಮೂರು ವರ್ಷ ಸಾಲದು ಎನಿಸಿದರೆ ಅವರು ಪ್ರಕರಣವನ್ನು ಏಳು ವರ್ಷದವರೆಗೆ ಶಿಕ್ಷೆ ಕೊಡಬಲ್ಲ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬಹುದು, ಅಥವಾ ಸೆಷನ್ಸ್‌ಗೆ ಒಪ್ಪಿಸಬಹುದು. ಯಾರಾದರೂ ಗಮನಕ್ಕೆ ತರದಿದ್ದರೆ ಹಾಗೆ ಆಗುವುದು ಅಪರೂಪ.

ಇನ್ನೊಂದು ಕಲಂ ಇದೆ, 117(3). ಹಳೆಯ ದಂಡ ಸಂಹಿತೆಯಲ್ಲಿ ಇದು ಇರಲಿಲ್ಲ. ತೀವ್ರ ಗಾಯ ಮಾಡುವಾಗ ಶಾಶ್ವತ ಅಂಗವೈಕಲ್ಯ ಉಂಟುಮಾಡಿದರೆ ಕನಿಷ್ಠ ಹತ್ತು ವರ್ಷ ಕಠಿಣ ಶಿಕ್ಷೆ. ಗರಿಷ್ಠ, ಬದುಕಿರುವಷ್ಟು ಕಾಲ ಸೆರೆವಾಸ. ಊರಿನವರು ‘ಕೊಲೆ ಯತ್ನ ತೆಗೆದರಲ್ಲ, ಇನ್ನು ಅವನು ಪಾರಾದ’ ಎನ್ನುತ್ತಿರುವಾಗ, ಕೊಲ್ಲುವ ಉದ್ದೇಶವೇ ಬೇಕಿಲ್ಲದ ಈ ಕಲಂನಲ್ಲಿ ಹತ್ತು ವರ್ಷದ ಕನಿಷ್ಠ ಶಿಕ್ಷೆ ಕುಳಿತಿದೆ. ಎರಡು ಬೆರಳಿನ ಚಲನೆ ನಿಂತದ್ದು ‘ಶಾಶ್ವತ ಅಂಗವೈಕಲ್ಯ’ ಆಗುತ್ತದೆಯೇ ಎಂಬುದು ವಾದದ ವಿಷಯ. ಅದೇ ಕಲಂನಲ್ಲಿ ಅದರ ಪಕ್ಕದಲ್ಲಿರುವುದು ಪ್ರಜ್ಞೆಯೇ ಮರಳದೆ ಮಲಗಿರುವ ಸ್ಥಿತಿ. ಅಷ್ಟು ದೊಡ್ಡ ಹಾನಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಕಲಂ ಇದು ಎಂದು ನನಗೆ ತೋರುತ್ತದೆ. ಇದನ್ನು ನಿಮ್ಮ ಪ್ರಕರಣಕ್ಕೆ ಎಳೆದು ತರಲು ನಾನು ಸಲಹೆ ಕೊಡುವುದಿಲ್ಲ. ಆದರೆ ಇದೆ ಎಂದು ನಿಮಗೆ ಗೊತ್ತಿರಬೇಕು, ತೀರ್ಮಾನ ನಿಮ್ಮದು.

ಸಿಟ್ಟು ಮತ್ತು ಕುಡಿತದ ವಾದಗಳು ಬೇಗ ಮುಗಿಯುತ್ತವೆ. ತೀವ್ರವೂ ಹಠಾತ್ತೂ ಆದ ಪ್ರಚೋದನೆ ಇದ್ದರೆ 122(2)ರಂತೆ ಶಿಕ್ಷೆ ಐದು ವರ್ಷಕ್ಕೆ ಮಿತಗೊಳ್ಳುತ್ತದೆ. ಎರಡೂ ಗುಣ ಒಟ್ಟಿಗೆ ಬೇಕು. ಪತ್ನಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆಯ ಅಧಿಕಾರಿ ನಾನಾವತಿಯ ಪ್ರಕರಣ ಹಿರಿಯರಿಗೆ ನೆನಪಿರುತ್ತದೆ. ಮುಂಬಯಿಯ ಜನ, ಪತ್ರಿಕೆಗಳು ಆತನ ಪರ ನಿಂತವು, ಜ್ಯೂರಿಯ ಒಂಬತ್ತು ಜನರಲ್ಲಿ ಎಂಟು ಜನ ನಿರ್ದೋಷಿ ಎಂದರು. ಆದರೂ ಸುಪ್ರೀಂ ಕೋರ್ಟ್ 1961ರಲ್ಲಿ ಕೊಲೆಯ ಶಿಕ್ಷೆಯನ್ನೇ ಎತ್ತಿಹಿಡಿಯಿತು. ಪತ್ನಿ ಆ ಸಂಬಂಧವನ್ನು ಒಪ್ಪಿಕೊಂಡದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವೆ ಸುಮಾರು ಮೂರು ಗಂಟೆ ಕಳೆದಿತ್ತು, ಮನಸ್ಸು ಹತೋಟಿಗೆ ಬರಲು ಅಷ್ಟು ಸಾಕು ಎಂದಿತು. ಮೂರು ಗಂಟೆ ಸಾಕಾದರೆ ನಿಮ್ಮ ಹಳ್ಳದ ಜಗಳಕ್ಕೆ ಮೂರು ವಾರ ಸಿಕ್ಕಿದೆ. ಆ ಸಂಜೆ ನಿಮ್ಮ ತಮ್ಮ ಹೊಸದಾಗಿ ಏನಾದರೂ ಮಾಡಿದ್ದನೇ, ಹೇಳಿದ್ದನೇ ಎಂಬುದನ್ನು ಮಾತ್ರ ಅವನಿಂದ ನೇರವಾಗಿ ಕೇಳಿ ತಿಳಿದುಕೊಳ್ಳಿ. ನಿಮ್ಮ ವಕೀಲರಿಗೆ ಅದು ಮೊದಲೇ ಗೊತ್ತಿರಬೇಕು.

ಕುಡಿತದ ಬಗ್ಗೆ 1956ರ ಬಸದೇವ್ ಪ್ರಕರಣ ಇಂದಿಗೂ ದಾರಿ ತೋರಿಸುತ್ತದೆ. ಮದುವೆ ಮನೆಯಲ್ಲಿ ಕುಡಿದಿದ್ದ ನಿವೃತ್ತ ಜಮಾದಾರನೊಬ್ಬ, ಕುಳಿತುಕೊಳ್ಳಲು ಜಾಗ ಬಿಡಲಿಲ್ಲ ಎಂದು ಒಬ್ಬ ಹುಡುಗನಿಗೆ ಗುಂಡು ಹಾರಿಸಿದ. ತಾನಾಗಿ ಕುಡಿದವನಿಗೆ ಕುಡಿಯದವನಿಗೆ ಇರುವ ಅರಿವೇ ಇತ್ತೆಂದು ಕಾನೂನು ಭಾವಿಸುತ್ತದೆ. ಉದ್ದೇಶವನ್ನೇ ತಾಳಲಾರದಷ್ಟು ಮತ್ತು ಏರಿತ್ತು ಎಂದು ತೋರಿಸದಿದ್ದರೆ ಕುಡಿತ ನೆಪವಾಗದು ಎಂದು ನ್ಯಾಯಾಲಯ ಹೇಳಿತು. ಕತ್ತಿ ಬೀಸಿ, ನಂತರ ಘಟ್ಟದ ತಿರುವುಗಳಲ್ಲಿ ಜೀಪು ಓಡಿಸಿ ಆಸ್ಪತ್ರೆ ಮುಟ್ಟಿಸಿದವನಿಗೆ ಅಷ್ಟು ಮತ್ತು ಇತ್ತೆಂದು ಯಾರು ನಂಬುತ್ತಾರೆ?

ನೀವು ಕೇಳಿದ ದೊಡ್ಡ ಪ್ರಶ್ನೆ ನ್ಯಾಯವಾದ ಶಿಕ್ಷೆಯದು. ಅದಕ್ಕೆ ಮೊದಲು ನನ್ನದೇ ಒಂದು ಅನುಭವ ಹೇಳುತ್ತೇನೆ.

ಇಪ್ಪತ್ತು ವರ್ಷಗಳ ಹಿಂದೆ, ಆಲೂಗೆಡ್ಡೆ ಹೊಲದ ಬದುವಿನ ವಿಚಾರಕ್ಕೆ ದಾಯಾದಿಯ ಮೊಣಕೈ ಮುರಿದ ಒಬ್ಬನ ಪರವಾಗಿ ನಾನು ವಾದಿಸಿದೆ. ಕೊಲೆ ಯತ್ನದ ಆರೋಪವಿತ್ತು. ಕೊಲ್ಲುವ ಉದ್ದೇಶ ಇರಲಿಲ್ಲ ಎಂದು ತೋರಿಸಿಕೊಟ್ಟೆ. ಅದು ನಿಜವೂ ಆಗಿತ್ತು. ತೀವ್ರ ಗಾಯದ ಅಪರಾಧಕ್ಕೆ ಇಳಿಯಿತು, ಮೊದಲ ಅಪರಾಧ ಎಂದು ಪರಿವೀಕ್ಷಣೆಯ ಮೇಲೆ ಬಿಟ್ಟರು. ಅಂದು ನಾನು ಬಹಳ ಸಂತೋಷಪಟ್ಟೆ. ಮೂರು ವರ್ಷಗಳ ನಂತರ ಹಾಸನದ ಬಸ್ ನಿಲ್ದಾಣದಲ್ಲಿ ಆ ಗಾಯಾಳು ಎದುರಾದರು. ನನ್ನನ್ನು ಗುರುತಿಸಿ ನಮಸ್ಕಾರ ಮಾಡಲು ಹೋದರು. ಬಲಗೈ ಎದೆಯವರೆಗೂ ಏರಲಿಲ್ಲ. ಮೂಟೆ ಹೊರುವ ಕೆಲಸಕ್ಕೆ ಯಾರೂ ಕರೆಯುವುದಿಲ್ಲ, ಹೊಲವನ್ನು ಪಾಲಿಗೆ ಕೊಟ್ಟಿದ್ದೇನೆ ಎಂದರು. ಆ ತೀರ್ಪಿನಲ್ಲಿ ಅವರಿಗೆ ಒಂದು ರೂಪಾಯಿ ಪರಿಹಾರ ಇರಲಿಲ್ಲ. ಸರ್ಕಾರಿ ಅಭಿಯೋಜಕರು ಕೇಳಲಿಲ್ಲ, ನ್ಯಾಯಾಧೀಶರು ಯೋಚಿಸಲಿಲ್ಲ, ನಾನಂತೂ ಬಾಯಿ ಬಿಡಲಿಲ್ಲ. ಎರಡು ವರ್ಷ ನಾವೆಲ್ಲರೂ ಹೊಡೆದವನ ಮನಸ್ಸನ್ನೇ ಅಗೆದು ನೋಡುತ್ತಿದ್ದೆವು. ಪೆಟ್ಟು ತಿಂದವನ ಕೈಯನ್ನು ಯಾರೂ ನೋಡಲಿಲ್ಲ.

ಅಂಥದ್ದೇ ಪ್ರಕರಣವೊಂದು 1988ರಲ್ಲೇ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು ಎಂಬುದು ನನಗೆ ಈಗಲೂ ಚುಚ್ಚುತ್ತದೆ. ಹರಿಯಾಣದ ಹಳ್ಳಿಯೊಂದರ ಹೊಡೆದಾಟದಲ್ಲಿ ತಲೆಗೆ ಏಟು ಬಿದ್ದು ಒಬ್ಬ ಮಾತನಾಡುವ ಶಕ್ತಿಯನ್ನೇ ಕಳೆದುಕೊಂಡಿದ್ದ. ಹೈಕೋರ್ಟ್ ಕೊಲೆ ಯತ್ನದ ಆರೋಪ ತೆಗೆದು, ತೀವ್ರ ಗಾಯಕ್ಕೆ ಇಳಿಸಿ, ಆರೋಪಿಗಳನ್ನು ಪರಿವೀಕ್ಷಣೆಯ ಮೇಲೆ ಬಿಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು ಬದಲಿಸಲಿಲ್ಲ, ಆದರೆ ಪರಿಹಾರವನ್ನು 50,000 ರೂಪಾಯಿಗೆ ಏರಿಸಿತು. ಪರಿಹಾರ ಕೊಡಿಸುವ ಅಧಿಕಾರವನ್ನು ನ್ಯಾಯಾಲಯಗಳು ಉದಾರವಾಗಿ ಬಳಸಬೇಕು ಎಂದಿತು. 2013ರಲ್ಲಿ ಇನ್ನೂ ಮುಂದೆ ಹೋಗಿ, ಪ್ರತಿ ಪ್ರಕರಣದಲ್ಲೂ ಪರಿಹಾರದ ಪ್ರಶ್ನೆಯನ್ನು ಪರಿಗಣಿಸಿ ಕಾರಣ ದಾಖಲಿಸುವುದು ಕರ್ತವ್ಯ ಎಂದಿದೆ.

ನಿಮ್ಮ ಪ್ರಕರಣದಲ್ಲಿ ನನ್ನ ತೀರ್ಮಾನ ಹೀಗಿದೆ. ಜೈಲು ಆಗಬೇಕು, ಮೊದಲೇ ಹೇಳಿ, ಹೇಳಿದಂತೆ ಮಾಡಿದವನಿಗೆ ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆ ನ್ಯಾಯವಲ್ಲ. ಹತ್ತು ವರ್ಷ ಎಂಬುದನ್ನೂ ನಾನು ಒಪ್ಪಲಾರೆ. ಕೈ ತಡೆದು ನಿಲ್ಲಿಸಿದವನಿಗೂ, ಬಿದ್ದವನನ್ನು ಹಳ್ಳದಲ್ಲಿ ಬಿಟ್ಟು ಓಡಿದವನಿಗೂ ಒಂದೇ ಶಿಕ್ಷೆಯಾದರೆ, ಮುಂದೆ ಹೊಡೆದವನು ಯಾಕೆ ಜೀಪು ತರುತ್ತಾನೆ? ಆಸ್ಪತ್ರೆಗೆ ಕರೆದೊಯ್ದದ್ದು ಶಿಕ್ಷೆಯ ಪ್ರಮಾಣದಲ್ಲಿ ಅವನ ಪರವಾಗಿ ಎಣಿಕೆಗೆ ಬರಲಿ, ಅಪರಾಧವೇ ಇಲ್ಲ ಎನ್ನಲು ಬಾರದಿರಲಿ. ಜೊತೆಗೆ ಶಸ್ತ್ರಚಿಕಿತ್ಸೆಯ ಖರ್ಚು, ಮುಂದಿನ ವ್ಯಾಯಾಮ ಚಿಕಿತ್ಸೆ, ಕಳೆದುಹೋದ ಕೊಯ್ಲು, ಆ ಕೈ ಮಾಡುತ್ತಿದ್ದ ಕೆಲಸಕ್ಕೆ ಇನ್ನು ವರ್ಷ ವರ್ಷ ಕೊಡಬೇಕಾದ ಕೂಲಿ, ಇವೆಲ್ಲ ಅವನ ತೋಟದ ಆದಾಯದಿಂದ ಬರಬೇಕು. ಬೇರೊಬ್ಬ ನ್ಯಾಯಾಧೀಶರು ಇದನ್ನೇ ಬೇರೆಯಾಗಿ ತೂಗಬಹುದು, ಅದೇ ನಮ್ಮ ವ್ಯವಸ್ಥೆಯ ಕೊರತೆ. ಶಿಕ್ಷೆ ನಿಗದಿಗೆ ಮಾರ್ಗಸೂಚಿ ಬೇಕೆಂದು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠರ ಸಮಿತಿ 2003ರಲ್ಲಿ ಹೇಳಿತ್ತು.

ರಾಜಿಯ ಮಾತಿಗೆ ಬರುತ್ತೇನೆ. 118(2) ಪಕ್ಷಕಾರರೇ ರಾಜಿ ಮಾಡಿಕೊಂಡು ಮುಗಿಸಬಹುದಾದ ಅಪರಾಧಗಳ ಪಟ್ಟಿಯಲ್ಲಿಲ್ಲ. ಹೈಕೋರ್ಟಿಗೆ ಮಾತ್ರ ರದ್ದುಪಡಿಸುವ ಅಧಿಕಾರವಿದೆ; ಅದು ಕೂಡ ಗಾಯದ ಸ್ವರೂಪ, ಆಯುಧ ಎಲ್ಲವನ್ನೂ ನೋಡಿಯೇ ನಿರ್ಧರಿಸುತ್ತದೆ. ಪಂಚಾಯಿತಿ ಕಟ್ಟೆಯಲ್ಲಿ ದುಡ್ಡು ತೆಗೆದುಕೊಂಡು, ಸಾಕ್ಷಿ ಹೇಳುವ ದಿನ ‘ನೆನಪಿಲ್ಲ’ ಎನ್ನುವುದು ರಾಜಿ ಅಲ್ಲ, ಸುಳ್ಳು ಸಾಕ್ಷ್ಯ. ಹಾಗೆ ಮಾಡುವಂತೆ ತಮ್ಮನನ್ನು ಒತ್ತಾಯಿಸುವವರಿಗೆ ಇದನ್ನು ನೇರವಾಗಿ ಹೇಳಿ. ಒಂದೇ ಹಳ್ಳದ ನೀರು ಕುಡಿದು ಮುಂದೆಯೂ ಬದುಕಬೇಕು ಎಂಬ ಹಿರಿಯರ ಕಾಳಜಿ ಸುಳ್ಳಲ್ಲ. ಹಾಗಿದ್ದರೆ ನೀರಿನ ಸರದಿಯನ್ನು ಈಗಲೇ ಕೂತು ಬರೆದು ಗೊತ್ತುಮಾಡಲಿ; ಅದಕ್ಕೆ ಕೇಸು ಮುಗಿಯುವುದನ್ನು ಕಾಯಬೇಕಾಗಿಲ್ಲ.

ಈಗ ನೀವು ಮಾಡಬೇಕಾದ ಕೆಲಸ. ಗಾಯದ ಪ್ರಮಾಣಪತ್ರ ಮತ್ತು ಆಸ್ಪತ್ರೆಯ ಮೊದಲ ದಿನದ ದಾಖಲೆಯ ಪ್ರತಿ ಪಡೆಯಿರಿ. ಗಾಯ ಹೇಗಾಯಿತು ಎಂದು ವೈದ್ಯರಿಗೆ ಮೊದಲು ಹೇಳಿದವರು ಯಾರು? ಹೊಡೆದವನೇ ಕರೆತಂದಾಗ ‘ಜಾರಿ ಕತ್ತಿಯ ಮೇಲೆ ಬಿದ್ದ’ ಎಂದು ಬರೆಸಿಬಿಡುವುದುಂಟು. ಹಾಗಿದ್ದರೆ ಈಗಲೇ ಅಭಿಯೋಜಕರಿಗೆ ತಿಳಿಸಿ. ಸಂತೆಯಲ್ಲಿ ಆ ಮಾತು ಕೇಳಿದ ನಾಲ್ವರ ಹೇಳಿಕೆ ದೋಷಾರೋಪಣಾ ಪಟ್ಟಿಯ ಜೊತೆ ಇದೆಯೇ ನೋಡಿ. ಇಲ್ಲದಿದ್ದರೆ ಹೆಚ್ಚಿನ ತನಿಖೆಗೆ ಕೋರಬಹುದು. ಬೆರಳುಗಳ ಸ್ಥಿತಿಯ ಬಗ್ಗೆ ವೈದ್ಯಕೀಯ ಮಂಡಳಿಯಿಂದ ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸಿ. ತೀರ್ಪಿಗೆ ಮೊದಲು ಯಾವ ಹಂತದಲ್ಲಾದರೂ ನ್ಯಾಯಾಲಯ ದೋಷಾರೋಪವನ್ನು ಬದಲಿಸಬಹುದು. ಅಭಿಯೋಜಕರಿಗೆ ನೆರವಾಗಲು ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಲು ನ್ಯಾಯಾಲಯದ ಅನುಮತಿ ಕೇಳಿ, ಪರಿಹಾರದ ಅರ್ಜಿಯನ್ನು ಬಿಲ್ಲುಗಳ ಸಮೇತ ಲಿಖಿತವಾಗಿ ಕೊಡಿಸಿ. ಅವನು ಕೊಡುವ ಪರಿಹಾರ ಸಾಲದು ಎನಿಸಿದರೆ ರಾಜ್ಯದ ಸಂತ್ರಸ್ತರ ಪರಿಹಾರ ಯೋಜನೆ ಇದೆ. ಅದು ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಬರುತ್ತದೆ.

ಆರೋಪಿ ಬಿಡುಗಡೆಯಾದರೆ, ಕಡಿಮೆ ಅಪರಾಧಕ್ಕೆ ಇಳಿಸಿದರೆ ಅಥವಾ ಪರಿಹಾರ ಸಾಲದಾದರೆ ನಿಮ್ಮ ತಮ್ಮನೇ ಮೇಲ್ಮನವಿ ಸಲ್ಲಿಸಬಹುದು. ಬಾಗಲಕೋಟೆ ಜಿಲ್ಲೆಯ ಹಲ್ಲೆ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಗಾಯಾಳುವಿನ ಈ ಹಕ್ಕನ್ನು ಗಟ್ಟಿಗೊಳಿಸಿದೆ. ಬಿಡುಗಡೆಯ ವಿರುದ್ಧ ಹೋಗಲು ವಿಶೇಷ ಅನುಮತಿ ಬೇಕಿಲ್ಲ ಎಂದಿದೆ. ಶಿಕ್ಷೆಯ ವರ್ಷಗಳು ಕಡಿಮೆಯಾದವು ಎಂಬುದಕ್ಕೆ ಮಾತ್ರ ಸರ್ಕಾರವೇ ಮೇಲ್ಮನವಿ ಹಾಕಬೇಕು. ಆದ್ದರಿಂದ ಶಿಕ್ಷೆಯ ಪ್ರಮಾಣದ ಬಗ್ಗೆ ವಾದ ಕೇಳುವ ದಿನ ಯಾವುದೆಂದು ತಿಳಿದುಕೊಂಡು, ತಮ್ಮನನ್ನು ಕರೆದುಕೊಂಡು ಬನ್ನಿ. ಅಂದು ಅವನು ಅಭಿಯೋಜಕರ ಪಕ್ಕದಲ್ಲಿ, ಪೀಠಕ್ಕೆ ಎಡಗೈ ಕಾಣುವಂತೆ ಕುಳಿತಿರಲಿ.